ಉಪವಾಸಕ್ಕೆ ನಡೆಯದ್ದು

ಸಿಂದಗಿಯ ಕಾಲೇಜಿನಲ್ಲಿ ನಾನು ಜಗತ್ತಿನ ಇತಿಹಾಸ ಕಲಿಸುತ್ತೇನೆ. ಯಾವ ಜನ ಯಾರನ್ನು ಎಲ್ಲಿ ಕಂಡರು, ಕಂಡಾಗ ಏನು ಕೊಟ್ಟು ಏನು ಪಡೆದರು ಎಂಬುದೇ ನನ್ನ ಪಾಠ. ಅದನ್ನು ಕಾಲೇಜಿನಲ್ಲೇ ಬಿಟ್ಟು ಬರುವ ಬುದ್ಧಿ ಮಾತ್ರ ನನಗಿಲ್ಲ.

ಈ ಸಲದ ಆಷಾಢ ಏಕಾದಶಿಗೆ ಇಂಡಿ ಊರಿನ ನಮ್ಮ ಮನೆಯಲ್ಲಿ ಅವ್ವ ಉಪವಾಸದ ತಾಟು ಹಿಡಿದು ಕೂತಿದ್ದಳು. ಸಾಬೂದಾಣಿ ಖಿಚಡಿ, ಅದರಲ್ಲಿ ಶೇಂಗಾ, ಬಟಾಟಿ, ಹಸಿಮೆಣಸಿನಕಾಯಿ. ಪಕ್ಕದಲ್ಲಿ ಬೇಯಿಸಿದ ಗೆಣಸು. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಅವ್ವಾ, ಇದ್ರಾಗ ಒಂದೂ ನಮ್ಮ ದೇಶದ್ದಲ್ಲ ನೋಡು. ಎಲ್ಲಾ ಪೋರ್ಚುಗೀಸರ ಹಡಗಿನಾಗ ಬಂದಾವು" ಎಂದು ನಕ್ಕೆ. ಮಗಳ ಮಾತಿಗೆ ಅವಳೂ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ತಾಟು ಸರಿಸಿದಳು.

"ಪರದೇಶದ್ದು ಉಪಾಸಕ್ಕ ನಡಿಯಂಗಿಲ್ಲ."

ಅಂದಿನಿಂದ ಏಕಾದಶಿಗೂ ಶ್ರಾವಣದ ಸೋಮವಾರಗಳಿಗೂ ಬರೀ ನೀರು, ಒಂದಿಷ್ಟು ಹಾಲು. ಅವ್ವನಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಹಸಿದಿರಬಾರದೆಂದು ಡಾಕ್ಟರು ಬೈದರು. ಎಷ್ಟೋ ತಲೆಮಾರು ಇಲ್ಲೇ ಬೆಳೆದದ್ದು ನಮ್ಮದೇ ಅಲ್ಲವೇ ಎಂದು ನಾನು ಅಂಗಲಾಚಿದೆ. "ಅವತ್ತೊಂದು ಹೇಳ್ತಿ, ಇವತ್ತೊಂದು ಹೇಳ್ತಿ" ಎಂದಳು. ವರ್ಷವಿಡೀ ಬಡಕೊಂಡರೂ ಹುಡುಗರ ತಲೆಗೆ ಹತ್ತದ ಪಾಠ ಇವಳಿಗೆ ಒಂದೇ ಮಾತಿಗೆ ಹತ್ತಿತ್ತು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ಕಳೆದ ಸೋಮವಾರ ಅವ್ವ ಅಡುಗೆಮನೆಯಲ್ಲಿ ಕಣ್ಣುಕತ್ತಲೆ ಬಂದು ಕುಸಿದಳು. ನನ್ನ ಕೂಗು ಕೇಳಿ ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯಾಕೆ ಓಡಿ ಬಂದಳು. ಅವ್ವನೂ ಆಕೆಯೂ ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ಗೆಳತಿಯರು. ಅವ್ವನ ಈ ಹಟ ಆಕೆಗೂ ಗೊತ್ತಿತ್ತು; ಬರುವಾಗಲೇ ಕೈಯಲ್ಲಿ ಖಜೂರಿ ಇತ್ತು.

"ತಿನ್ರಿ ಅಕ್ಕಾ. ನಾವು ರಂಜಾನದಾಗ ರೋಜಾ ಬಿಡೂದೂ ಇದನ್ನ ತಿಂದು. ಇದೂ ಹೊರಗಿಂದನ ಬಂದದ್ದು. ದೇವರು ಬ್ಯಾಡ ಅಂದಾನೇನು?"

ಅವ್ವ ಸುಸ್ತಿನಲ್ಲೇ ಅಂದಳು: "ನಿಮಗ ನಡೀತೈತ್ರಿ. ನೀವು ಅಲ್ಲಿಂದನ ಬಂದವ್ರು."

ಅವ್ವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಬಲ್ಲೆ. ಆದರೆ ಖಾಲಾನ ಮುತ್ತಜ್ಜಂದಿರ ಗೋರಿಗಳೂ ಇಂಡಿಯಲ್ಲೇ ಇವೆ. ಆಕೆ ಸೊಲ್ಲಾಪುರದ ಆಚೆ ಕಾಲಿಟ್ಟವಳಲ್ಲ. ಆಕೆ ನನ್ನ ಕಡೆ ತಿರುಗಿದಳು.

"ಹೌದೇನವಾ? ನೀ ಓದಿದಾಕಿ, ಹೇಳು. ನಾವು ಎಲ್ಲಿಂದ ಬಂದೇವಿ?"

ಗಂಟೆಗಟ್ಟಲೆ ಮಾತಾಡುವ ನಾನು "ನೀವು ಇಲ್ಲಿಯವ್ರೇ ಖಾಲಾ" ಎಂದಷ್ಟೇ ಅಂದೆ.

"ನನಗಲ್ಲವಾ," ಎಂದಳು ಆಕೆ, "ನಿಮ್ಮವ್ವಗ ಹೇಳು."