ಹುಳುಮನೆಯಲ್ಲಿಟ್ಟ ಅಕಾರ್ಡಿಯನ್

ಹೋದ ವಾರ ನಮ್ಮ ರೇಷ್ಮೆ ಹುಳುಮನೆಯಲ್ಲಿ ಒಂದು ಹೆಣ ಸಿಕ್ಕಿತು. ಗಾಬರಿಯಾಗಬೇಡಿ, ಮನುಷ್ಯನದಲ್ಲ. ಅಕಾರ್ಡಿಯನ್‌ನದು.

ಅಕಾರ್ಡಿಯನ್ ಗೊತ್ತಲ್ಲ? ಎದೆಗೆ ಕಟ್ಟಿಕೊಂಡು, ಎಳೆದು ಒತ್ತಿ ನುಡಿಸುವ ಪೆಟ್ಟಿಗೆ. ಹಾರ್ಮೋನಿಯಂ ಎದ್ದು ನಿಂತ ಹಾಗೆ. ಇದು ಚನ್ನಪಟ್ಟಣದ ಬಾಷಾನದು. ಬಾಷಾ ಹಗಲು ಗೊಂಬೆ ಕಡೆಯುವವನು, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾದವನು. ನನ್ನ ಗಂಡ ಅದೇ ಆರ್ಕೆಸ್ಟ್ರಾದಲ್ಲಿ ತಬಲಾ ಬಾರಿಸುತ್ತಿದ್ದ. ಗಂಡ ಹೋದ, ಆರ್ಕೆಸ್ಟ್ರಾ ಹೋಯಿತು, ಬಾಷಾ ಉಳಿದ. (ಹೋದವರಿಗೇನು ಕಷ್ಟ? ಉಳಿದವರದ್ದು ನೋಡಿ.)

ಆಗೆಲ್ಲ ಕನಕಪುರ, ಮಾಗಡಿಯ ಛತ್ರಗಳಲ್ಲಿ ಊಟದ ಹೊತ್ತಿಗೆ ಹಾಡುವವರಿಗೆ ಬಿಡುವು. ಅವರೂ ತಿನ್ನಬೇಕಲ್ಲ? ಆ ಹೊತ್ತಿನಲ್ಲಿ ಬಾಷಾ ಒಬ್ಬನೇ ಕೂತು ನುಡಿಸುತ್ತಿದ್ದ. ಸಿನಿಮಾ ಹಾಡಲ್ಲ, ರೇಡಿಯೋದಲ್ಲಿ ಕೇಳಿ ಕಲಿತ ಹೊರದೇಶದ ಹಾಡು. ಫ್ರಾನ್ಸಿನದು ಒಂದಿತ್ತು, ಮೂರೇಟಿನ ತಾಳ, ಕೂತವರನ್ನು ಕೂತಲ್ಲೇ ತೂಗುತ್ತಿತ್ತು. ರಷ್ಯಾದ್ದು ಒಂದು, ನಿಧಾನಕ್ಕೆ ಶುರುವಾಗಿ ಕೊನೆಗೆ ಹುಚ್ಚು ಹಿಡಿಸುತ್ತಿತ್ತು. ಅಳುವುದಕ್ಕೂ ಕುಣಿಯುವುದಕ್ಕೂ ಒಂದೇ ಹಾಡು ಸಾಕು ಅನ್ನುವ ದೇಶದವರಿಗೆಲ್ಲ ಈ ಪೆಟ್ಟಿಗೆ ಒಗ್ಗುತ್ತದೆ ಅಂತ ಬಾಷಾ ಹೇಳುತ್ತಿದ್ದ. ಮಾಗಡಿಯ ಜನ ರಷ್ಯಾದ ಹಾಡು ಕೇಳುತ್ತಾ ಎಲೆ ಮೇಲಿನ ಪಾಯಸ ಬಳಿದು ತಿಂದಿದ್ದಾರೆ. ಯಾವ ದೇಶದ್ದು ಅಂತ ಒಬ್ಬನೂ ಕೇಳಲಿಲ್ಲ. ಚೆನ್ನಾಗಿದ್ದರೆ ಸಾಲದಾ, ಹಾಡಿಗೆ ಪಾಸ್‌ಪೋರ್ಟ್ ಯಾಕೆ?

ಆಮೇಲೆ ಕೀಬೋರ್ಡ್ ಬಂತು. ಒಂದು ಬಟನ್ ಒತ್ತಿದರೆ ಅಕಾರ್ಡಿಯನ್, ಇನ್ನೊಂದು ಒತ್ತಿದರೆ ಕೊಳಲು. ಬಾಷಾನನ್ನು ಯಾರು ಕರೆಯುತ್ತಾರೆ?

ಅವನ ಹೆಂಡತಿ ಜುಬೇದಾ ಹಾಸಿಗೆ ಹಿಡಿದ ಮೇಲೆ ಪೆಟ್ಟಿಗೆ ನಮ್ಮೂರು ಅಕ್ಕೂರಿಗೆ ಬಂತು. ಅವರದ್ದು ಎರಡೇ ಕೋಣೆ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಗೊಂಬೆ ಕಡೆಯುವ ಮಿಷನ್ನು. ಮರದ ಪುಡಿ ಒಳಗೆ ಹೊಕ್ಕರೆ ಸ್ವರ ಕಟ್ಟಿಹೋಗುತ್ತದೆ.

"ಅಕ್ಕಾ, ನಿಮ್ ಹುಳುಮನೇಲಿ ಮಡಿಕ್ಕಳಿ. ಆಸ್ಪತ್ರೆಗಿಂತ ಕ್ಲೀನಾಗೈತೆ" ಅಂದ.

ಸುಳ್ಳಲ್ಲ. ರೇಷ್ಮೆ ಹುಳು ಸಾಕುವ ಮನೆಗೆ ನಾವು ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಇಲಿ ಇಲ್ಲ, ಇರುವೆ ಇಲ್ಲ, ಧೂಳಿಲ್ಲ. ನಮ್ಮ ಕಡೆ ನೆಂಟರು ಮಲಗುವ ಕೋಣೆ ಹೇಗಾದರೂ ಇರಲಿ, ಹುಳು ಮಲಗುವ ಕೋಣೆ ಚೊಕ್ಕವಾಗಿರಬೇಕು. ಪೆಟ್ಟಿಗೆಗೆ ಬಟ್ಟೆ ಸುತ್ತಿ ಅಲ್ಲೇ ಮೂಲೆಯ ಅಟ್ಟದ ಮೇಲೆ ಇಟ್ಟೆವು.

ಚೊಕ್ಕ ಸುಮ್ಮನೆ ಆಗುತ್ತದಾ? ಪ್ರತಿ ಬೆಳೆಗೂ ಮುಂಚೆ ಬ್ಲೀಚಿಂಗ್ ಪೌಡರ್ ನೀರು ಹೊಡೆದು, ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿಬಿಡುತ್ತೇವೆ. ಕಣ್ಣು ಉರಿಯುತ್ತದೆ, ಮೂಗು ಉರಿಯುತ್ತದೆ, ರೋಗ ಸಾಯುತ್ತದೆ. ನನ್ನ ಸೊಸೆ ಸುಧಾ ಇದರಲ್ಲಿ ನನಗಿಂತ ಕಟ್ಟುನಿಟ್ಟು. ಪೆಟ್ಟಿಗೆ ಸುತ್ತಿದ ಬಟ್ಟೆಗೂ ಒಂದು ಕೈ ಜಾಸ್ತಿ ಹೊಡೆಯುತ್ತಿದ್ದಳು. ಇನ್ನೊಬ್ಬರ ವಸ್ತು, ಕೆಡಬಾರದಲ್ಲ?

ಹೋದ ವಾರ ಬಾಷಾ ಬಂದ.

"ಅಕ್ಕಾ, ಪೆಟ್ಗೆ ಬೇಕಿತ್ತು."

"ಯಾರ್ ಮದ್ವೆಗಪ್ಪಾ?"

"ಮದ್ವೆ ಎಲ್ಲಿ ಬಂತು ಬುಡಿ. ಅವ್ಳು ಕೇಳ್ತಾವ್ಳೆ."

ಜುಬೇದಾಳನ್ನು ಮನೆಗೆ ಕರೆದುಕೊಂಡು ಹೋಗಿ ಅಂತ ಡಾಕ್ಟರು ಹೇಳಿದ್ದಾರೆ. ಅದರ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು. ಅಜ್ಜಿಗೆ ಬೇಜಾರು ಕಳೆಯಲಿ ಅಂತ ಮೊಮ್ಮಗಳು ಫೋನಿನಲ್ಲಿ ಅಕಾರ್ಡಿಯನ್ ಹಾಡು ಹಾಕಿದ್ದಳಂತೆ. ಇಟಲಿ, ಮೆಕ್ಸಿಕೋ, ಅರ್ಜೆಂಟೀನಾ, ಹೀಗೆ ಲೋಕವೆಲ್ಲ ಇಷ್ಟಪಟ್ಟ ಹಾಡುಗಳ ಸಾಲು. ನಡುವೆ ಫ್ರಾನ್ಸಿನ ಆ ಮೂರೇಟಿನ ಹಾಡು ಬಂತು. ಜುಬೇದಾ ಕಣ್ಣು ಬಿಟ್ಟು, "ನಿಲ್ಸೇ ಅದ್ನ. ಅದು ನಮ್ಮೋರ್ದು. ಅವ್ರೇ ನುಡಿಸ್ಲಿ" ಅಂದಳಂತೆ.

ಬದುಕಿಡೀ ಆ ಪೆಟ್ಟಿಗೆಯನ್ನು ಸವತಿ ಅಂತ ಬೈದವಳು. ಒಂದು ದಿನವೂ ನುಡಿಸು ಅಂದವಳಲ್ಲ. ಈಗ ಕೇಳಿದ್ದಾಳೆ.

ಅಟ್ಟದಿಂದ ಇಳಿಸಿ ಬಟ್ಟೆ ಬಿಚ್ಚಿದೆವು. ಬಾಷಾ ಹೆಗಲಿಗೆ ಹಾಕಿಕೊಂಡು ಎಳೆದ. ಉಸ್ ಅಂತು. ಒತ್ತಿದ. ಉಸ್. ಎಲ್ಲ ಸ್ವರದ ಮನೆಗಳನ್ನೂ ಒಂದೊಂದಾಗಿ ಒತ್ತಿ ನೋಡಿದ. ಒಂದೂ ಬಾಯಿ ಬಿಡಲಿಲ್ಲ. ಹಲಗೆ ಬಿಚ್ಚಿದರೆ, ಒಳಗೆ ಸ್ವರ ಹೊರಡಿಸುವ ಉಕ್ಕಿನ ನಾಲಗೆಗಳೆಲ್ಲ ತುಕ್ಕು. ಬೆರಳಿಟ್ಟರೆ ಕೆಂಪು ಪುಡಿ, ಮೂಗಿಗೆ ಬ್ಲೀಚಿಂಗ್ ಪೌಡರಿನ ಘಾಟು.

ಸುಧಾ ಬಾಗಿಲಲ್ಲೇ ನಿಂತಿದ್ದಳು. "ನಾನು ಪ್ರತಿ ಬೆಳೆಗೂ ಔಸ್ದಿ ಹೊಡ್ದಿವ್ನಿ ಮಾವ. ಒಂದ್ ಸಲ್ವೂ ತಪ್ಸಿಲ್ಲ" ಅಂದಳು. ಆಮೇಲೆ, ತಾನು ಹೇಳಿದ್ದು ಅವಳಿಗೇ ಕೇಳಿಸಿತು.

"ಬುಡವ್ವ, ನಾನೇ ಅಲ್ವಾ ತಂದು ಮಡಗಿದ್ದು" ಅಂದ ಬಾಷಾ.

ಕಳ್ಳ ಕದ್ದಿದ್ದರೆ ಬೈಯಬಹುದಿತ್ತು. ಇಲಿ ಕಡಿದಿದ್ದರೆ ಬೋನು ಇಡಬಹುದಿತ್ತು. ಜೋಪಾನ ಮಾಡಿದ್ದಕ್ಕೇ ಹಾಳಾದರೆ ಯಾರ ಮೇಲೆ ಕೂಗಾಡುವುದು? ನಾವು ಮನೆಗಳಲ್ಲಿ ಏನೇನನ್ನು ಹೀಗೆ ಸುತ್ತಿಟ್ಟು, ಔಷಧಿ ಹೊಡೆದು, ಕಾಪಾಡುತ್ತಿದ್ದೇವೆ ಅಂದುಕೊಂಡಿದ್ದೇವೋ. ಬಿಚ್ಚಿ ನೋಡುವ ಧೈರ್ಯ ಇದೆಯಾ?

ಬೆಂಗಳೂರಿನ ರಿಪೇರಿಯವನಿಗೆ ಫೋನ್ ಮಾಡಿದರೆ, ನಾಲಗೆಗಳು ಹೊರದೇಶದಿಂದ ಬರಬೇಕು, ಕೆಲವು ತಿಂಗಳು ಆಗುತ್ತದೆ ಅಂದ. ಜುಬೇದಾಗೆ ತಿಂಗಳು ಎಲ್ಲಿದೆ? ರಾಮನಗರದಲ್ಲಿ ಬೇರೆ ಅಕಾರ್ಡಿಯನ್ ಸಿಗುತ್ತದಾ ಅಂತ ಬಾಷಾ ವಿಚಾರಿಸಿದ. ಕೀಬೋರ್ಡ್ ಬೇಕಾದರೆ ತೆಗೆದುಕೊಂಡು ಹೋಗಿ ಅಂದರಂತೆ.

ನಾನೂ ಅವನ ಜೊತೆ ಬಸ್ಸು ಹತ್ತಿದೆ. "ಕೆಟ್ಟೋಗೈತೆ ಅಂತ ಹೇಳ್ಬುಡು. ಸುಳ್ಳಾಡ್ಬೇಡ" ಅಂದೆ ದಾರಿಯಲ್ಲಿ.

"ಅವ್ಳು ಕೇಳಿರಾದೇ ಒಂದು ಅಕ್ಕಾ. ಹೆಂಗ್ ಹೇಳ್ಲಿ?"

ಹೇಳಲಿಲ್ಲ. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡ. ಸದ್ದಾಗದಿರಲಿ ಅಂತ ಫ್ಯಾನ್ ನಿಲ್ಲಿಸಿದ. ಪೆಟ್ಟಿಗೆ ಹೆಗಲಿಗೇರಿಸಿ, ಅದೇ ಫ್ರಾನ್ಸಿನ ಹಾಡು ಶುರು ಮಾಡಿದ. ಬೆರಳು ಒಂದೂ ತಪ್ಪಲಿಲ್ಲ. ಹೆಗಲು ಮೂರೇಟಿಗೆ ತೂಗಿತು. ಹಾಡು ಎಲ್ಲಿಗೆ ಬಂತು, ಎಲ್ಲಿ ತಿರುಗಿತು ಅಂತ ನನಗೆ ಕಣ್ಣಿಗೆ ಕಾಣುತ್ತಿತ್ತು. ಕಿವಿಗೆ ಬರೀ ಉಸ್, ಉಸ್.

ಜುಬೇದಾ ಕಣ್ಣು ಮುಚ್ಚಿಕೊಂಡೇ ಅಂದಳು, "ಯಾರಾರಾ ಬಾಗ್ಲು ಹಾಕ್ರೀ. ಗಾಳಿ ಬತ್ತಾ ಐತೆ."

ಬಾಷಾ ನಿಲ್ಲಿಸಲಿಲ್ಲ. ನಾನು ಎದ್ದು ಹೋಗಿ, ಹಾಕಿದ್ದ ಬಾಗಿಲನ್ನೇ ಮತ್ತೆ ಹಾಕಿದೆ.