ಪೈನ್ ಪೆಟ್ಟಿಗೆಯ ಗಾಯ

ಮರಾಠಿ ಸೀಮೆಯ ಕುಪವಾಡದ ನಮ್ಮ ಕಾರಖಾನೆಗೆ ಹೊರದೇಶದಿಂದ ಮಷೀನು ಬಂದಿತ್ತು. ತಗಡಿನ ಶೆಡ್ಡು ಬಿಸಿಲಿಗೆ ಕಾದಿತ್ತು. ಮಷೀನು ತುಂಬಿ ಬಂದ ಪೈನ್ ಮರದ ಪೆಟ್ಟಿಗೆಯಿಂದ ಮೊಳೆಗಳನ್ನು ಕಿತ್ತೆ. ಒಂದು ತೂತಿನಿಂದ ಬೆಚ್ಚಗಿನ ಅಂಟು ಒಸರಿ ಅಂಗೈಗೆ ಬಿತ್ತು. ಗುಡಿಯ ಧೂಪದ್ದೇ ವಾಸನೆ.

ಕಸ ಹೊಡೆಯುತ್ತಿದ್ದ ಶಾಂತಾ ಮಾವಶಿ ಚಪ್ಪಲಿ ಕಳಚಿದರು. "ಒಳಗ ದೇವರು ಅದಾನೇನ್ರಿ?"

"ಇಲ್ಲ ಮಾವಶಿ, ಹಿಮ ಬೀಳೋ ಕಾಡಿನ ಮರ ಇದು. ಗಾಯ ಆದ್ರ ಅಂಟು ಬಿಟ್ಟು ಮುಚ್ಚಿಕೋತೈತಿ," ಎಂದು ನಕ್ಕೆ.

ಅವರು ನಗಲಿಲ್ಲ. "ಹಂಗಾರ ತಾ ಸತ್ತದ್ದು ಅದಕ್ಕ ಇನ್ನೂ ಗೊತ್ತಿಲ್ಲೇನ್ರಿ?"

ನೋಡುತ್ತಿದ್ದಂತೆ ಉಳಿದ ತೂತುಗಳೂ ಒಸರತೊಡಗಿದವು.

ಪೆಟ್ಟಿಗೆ ಬಿಚ್ಚಿದ ಇಂಥ ಹಲಗೆಗಳಿಗಾಗಿ ನಮ್ಮಲ್ಲಿ ಜಗಳವೇ ಆಗುತ್ತದೆ, ಮನೆಯ ನೀರೊಲೆಗೆ ಉರುವಲು ಬೇಕಲ್ಲ. ಇವನ್ನು ಮಾತ್ರ ಯಾರೂ ಒಯ್ಯಲಿಲ್ಲ, ಮೂಲೆಯಲ್ಲೇ ನಿಂತಿವೆ.

ಶೆಡ್ಡಿನೊಳಗೆ ಬೂಟು ಬಿಚ್ಚಬಾರದೆಂಬ ಬೋರ್ಡು ಬರೆಸಿದವನು ನಾನೇ. ಆ ಮೂಲೆಗೆ ಹೋಗುವಾಗ ಮಾತ್ರ ಬಿಚ್ಚುತ್ತೇನೆ.