ಟೇಲರಮ್ಮನ ಮನೆಮಾತು

ಬೀದಿಯವರೆಲ್ಲ ಅವಳನ್ನು ಟೇಲರಮ್ಮ ಎಂದೇ ಕರೆಯುತ್ತಿದ್ದರು. ಹೊಲಿಗೆ ಯಂತ್ರ ತುಳಿದೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ ಗಟ್ಟಿಗಿತ್ತಿ. ಹೊರಗೆಲ್ಲ ಊರಿನ ಭಾಷೆ ಆಡುವಳು. ತವರಿನಿಂದ ತಂದ ಮಾತು ಮಾತ್ರ ಅಕ್ಕ ತೀರಿಕೊಂಡ ಮೇಲೆ ಕೇಳುವವರಿಲ್ಲದೆ ಬಾಯಲ್ಲೇ ಉಳಿದಿತ್ತು. ಅಪ್ಪಿತಪ್ಪಿ ಆಡಿದರೆ ಹಿರಿಮಗಳು, "ಮೆಲ್ಲಗಮ್ಮಾ, ಯಾರಾದ್ರೂ ಕೇಳಿಸ್ಕೊಂಡಾರು" ಎನ್ನುತ್ತಿದ್ದಳು.

ಒಮ್ಮೆ ಗ್ರಂಥಾಲಯದ ಕಿಟಕಿಗಳಿಗೆ ಪರದೆ ಹೊಲಿಯುವ ಕೆಲಸ ಬಂತು. ಟೇಪು ಹಿಡಿದು ಅಳೆಯುವಾಗ ಎಣಿಕೆ ತಾನಾಗಿ ತವರುಮಾತಿನಲ್ಲಿ ಹೊರಟಿತು. ಗ್ರಂಥಪಾಲಕಿಯ ಕಿವಿ ನೆಟ್ಟಗಾಯಿತು.

"ಅದ್ಯಾವ ಭಾಷೆ ಅಮ್ಮಾ?"

"ಅಯ್ಯೋ, ಭಾಷೆ ಎಲ್ಲಿ ಬಂತು! ಮನೇಲಿ ಆಡ್ತಿದ್ವಿ ಅಷ್ಟೆ. ಅದಕ್ಕೆ ಅಕ್ಷರಾನೇ ಇಲ್ಲ."

"ಅಕ್ಷರ ಇಲ್ಲದಿದ್ರೇನು? ಒಂದು ಕಥೆ ಹೇಳಿ, ಧ್ವನೀನೇ ಇಟ್ಕೊಳ್ತೀವಿ. ಪುಸ್ತಕದ ಪಕ್ಕ ಅದಕ್ಕೂ ಜಾಗ ಇದೆ."

ನಾಚುತ್ತಲೇ ಮೈಕಿನೆದುರು ಕೂತು, ಅಮ್ಮನಿಂದ ಕೇಳಿದ, ತನ್ನ ನೆರಳನ್ನು ಮಾರಲು ಹೊರಟ ನರಿಯ ಕಥೆ ಹೇಳಿಬಂದಳು.

ಪರದೆ ಕಟ್ಟಲು ಹೋದ ದಿನ, ಮೂಲೆಯ ಮೇಜಿನಲ್ಲಿ ಬಸ್ ಡ್ರೈವರ್ ಒಬ್ಬ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಇದ್ದಕ್ಕಿದ್ದಂತೆ ಮೇಜು ಕುಟ್ಟಿ, ಅವಳ ತವರುಮಾತಿನಲ್ಲೇ ಗೊಣಗಿದ: "ತಪ್ಪು! ಅದು ನರಿ ಅಲ್ಲ, ಮೊಲ!"

ಟೇಲರಮ್ಮನ ಮೈ ಜುಮ್ಮೆಂದಿತು. ಅಕ್ಕನ ನಂತರ ಆ ಮಾತು ಇನ್ನೊಂದು ಬಾಯಿಂದ ಬಂದದ್ದು ಇದೇ ಮೊದಲು. ಪರದೆಯನ್ನು ಅಲ್ಲೇ ಬಿಟ್ಟು ಅವನ ಮೇಜಿನ ಬಳಿಗೆ ಹೋದಳು. ಆದರೂ ಅಮ್ಮನ ಕಥೆಯನ್ನು ಬಿಟ್ಟುಕೊಟ್ಟಾಳೆಯೇ? ಅದೇ ಮಾತಿನಲ್ಲಿ ಕೇಳಿದಳು: "ಯಾವನಪ್ಪಾ ಮೊಲ ಅಂದವನು? ನಮ್ಮಮ್ಮ ನರೀನೇ ಅಂದಿದ್ದು."

ಅವನು ಬೆಚ್ಚಿ ತಿರುಗಿದ. ಕಥೆ ಹೇಳಿದ ಧ್ವನಿಯೇ ಎದುರು ನಿಂತಿತ್ತು. "ಅಕ್ಕಾ..." ಎಂದು ಹೆಡ್‌ಫೋನ್ ತೆಗೆದಿಟ್ಟ. ಆಮೇಲೆ ಪಟ್ಟು ಬಿಡದೆ, "ನಮ್ಮಜ್ಜಿ ಮೊಲ ಅಂತಿದ್ಲು ಅಕ್ಕಾ!"

ನರಿಯೋ ಮೊಲವೋ ಎಂದು ಜಗಳವೇ ಹತ್ತಿತು. ಓದುವವರೆಲ್ಲ ತಲೆಯೆತ್ತಿ ನೋಡಿದರು. ಗ್ರಂಥಪಾಲಕಿ ಗದರಿಸಲಿಲ್ಲ, ಓಡಿ ಹೋಗಿ ಮೈಕು ತಂದಿಟ್ಟಳು. ಜಗಳವಾಡುತ್ತಲೇ ಟೇಲರಮ್ಮನಿಗೆ ಕಣ್ಣು ತುಂಬಿಬಂತು. ತನ್ನೊಂದಿಗೇ ಮಣ್ಣಾಗುವುದೆಂದುಕೊಂಡಿದ್ದ ಮಾತಿಗೆ ಬೇರೆ ಅಜ್ಜಿಯರಿದ್ದರು, ಬೇರೆ ಪ್ರಾಣಿಗಳಿದ್ದವು, ತನ್ನನ್ನೇ ತಪ್ಪೆನ್ನುವಷ್ಟು ಜೀವವಿತ್ತು!

ಈಗ ಎರಡೂ ಕಥೆಗಳು ಅಲ್ಲಿವೆ. ಕಪಾಟಿನ ಮೇಲೆ ಆ ಮಾತಿನ ಹೆಸರನ್ನು ದೊಡ್ಡ ಭಾಷೆಗಳ ಸಾಲಿನಲ್ಲೇ ಬರೆದಿದ್ದಾರೆ. ಭಾನುವಾರ ಹಿರಿಮಗಳು ಬಂದು, ಆ ಹೆಸರನ್ನು ಎಲ್ಲರಿಗೂ ಕೇಳಿಸುವಂತೆ ಓದಿ, ಅಮ್ಮನ ಪಕ್ಕ ಕುರ್ಚಿ ಎಳೆದುಕೊಂಡಳು.

"ನಂಗೂ ಕಲಿಸಮ್ಮಾ."